ಮಂಗಳೂರಿನ ಹಳೆ ಬಂದರು ಪೇಟೆಯಿಂದ ಮನೆ ಸಾಮಾನು ತಂದ ನೆನಪು ಯಾರಿಗಾದರೂ ಉಂಟಾ?

ತೋಟದಮನೆ (ಪುತ್ತೂರು)

ನಮ್ಮದು ಅಡಿಕೆ ಮನೆ. ಎಪ್ಪತ್ತರ ದಶಕದ ಸುರುವಿಗೆ ಅಪ್ಪ ಮಂಗಳೂರಿಗೆ ಹೋಗುವುದೆಂದರೆ ಬಂದರಿಗೆ ಹೋಗುವುದು ಅಂತಲೇ ಲೆಕ್ಕ. ಬಸ್ಸಿನ ಟಾಪಿನಲ್ಲಿ ಅಡಿಕೆ ಗೋಣಿ, ಒಳಗೆ ಅಪ್ಪ ಮತ್ತು ನಾನು. ಬಂಡಸಾಲೆಯ (ಸಗಟು ವ್ಯಾಪಾರದ ಮಳಿಗೆಯ) ಜಗಲಿಯಲ್ಲಿ ಗೋಣಿಯ ಬಾಯಿ ಬಿಚ್ಚಿ, ಮೇಲಿನದ್ದು ಬಿಟ್ಟು ಅಡಿಯಿಂದ ನಾಲ್ಕು ಅಡಿಕೆ ಎತ್ತಿ ಅಡಕತ್ತರಿಯಲ್ಲಿ ಸೀಳಿ ನೋಡುತ್ತಿದ್ದರು. ಇದು ಪಟೋರ, ಇದು ಉಳ್ಳಿಗಡ್ಡೆ, ಇದು ಕರಿಗೋಟು ಅಂತ ಕಡಿಮೆ ದರದ ಅಡಿಕೆ ಬೇರೆ ಮಾಡುತ್ತಾ ಹೋದಂತೆ ಅಪ್ಪನ ಮುಖ ಸಣ್ಣದಾಗುತ್ತಿತ್ತು. ಸಾಹುಕಾರರು ಅದನ್ನು ನೋಡಿಯೂ ನೋಡದವರ ಹಾಗೆ ಒಳಗಿನಿಂದ ಚಾ ತರಿಸುತ್ತಿದ್ದರು.

ದುಡ್ಡು ಕೈಗೆ ಬಂದ ಮೇಲೆ ಪೇಟೆ ಸುತ್ತು. ಕೊಳೆರೋಗಕ್ಕೆ ಹೊಡೆಯುವ ಮೈಲುತುತ್ತು ಮೊದಲು, ಅದಕ್ಕೆ ಚೌಕಾಶಿ ಇಲ್ಲ. ಆಮೇಲೆ ಕತ್ತದ ಹಗ್ಗ, ಬೆಲ್ಲದ ಡಬ್ಬಿ, ಕೊಡೆ, ಅಮ್ಮನಿಗೆ ಒಂದು ಸೀರೆ. ನಮ್ಮದು ಸಸ್ಯಾಹಾರಿ ಮನೆ, ಆದರೂ ಮಳೆಗಾಲಕ್ಕೆ ತೋಟದ ಆಳುಗಳಿಗೆ ಒಣಮೀನಿನ ಕಟ್ಟು ಅಪ್ಪನೇ ಕೊಳ್ಳಬೇಕು. ಅದನ್ನು ಮೂರು ಸುತ್ತು ಗೋಣಿಯಲ್ಲಿ ಕಟ್ಟಿಸಿ ಬಸ್ಸಿನ ಟಾಪಿಗೆ ಹಾಕಿಸುತ್ತಿದ್ದರು. ಬಿ.ಸಿ.ರೋಡ್ ದಾಟುವಷ್ಟರಲ್ಲಿ ಇಡೀ ಬಸ್ಸಿಗೆ ವಿಷಯ ಗೊತ್ತು. ಅಪ್ಪ ಮಾತ್ರ ಕಿಟಕಿಯಿಂದ ಹೊರಗೆ ನೋಡಿಕೊಂಡು ಕೂರುತ್ತಿದ್ದರು, ಇದು ಯಾರದ್ದೋ ಅನ್ನುವ ಹಾಗೆ.

ಮೊನ್ನೆ ಒಂದು ಕೆಲಸಕ್ಕೆ ಹೋದವನು ರಾವ್ ಅಂಡ್ ರಾವ್ ಸರ್ಕಲಿನಿಂದ ಇಳಿದು ಅಜೀಜುದ್ದೀನ್ ರಸ್ತೆ, ಬೀಬಿ ಅಲಾಬಿ ರಸ್ತೆ ಎಲ್ಲ ನಡೆದು ಬಂದೆ. ಗೋಡೌನು ಉಂಟು, ಲಾರಿ ಉಂಟು. ಕೈಚೀಲ ಹಿಡಿದು ಸಾಮಾನಿಗೆ ಬಂದ ಒಂದು ಸಂಸಾರ ಕಾಣಲಿಲ್ಲ. ಆ ಪೇಟೆಯಿಂದ ನೀವು ಏನೇನು ತರುತ್ತಿದ್ದಿರಿ, ಯಾವಾಗ ನಿಲ್ಲಿಸಿದಿರಿ? ನೆನಪಿದ್ದವರು ಬರೆಯಿರಿ.

ಬೆಂಗರೆ ಕಡವು

ನೀವು ಬಸ್ಸಿನಲ್ಲಿ ಬರುತ್ತಿದ್ದಿರಿ, ನಾವು ದೋಣಿಯಲ್ಲಿ. ಕಸಬಾ ಬೆಂಗರೆ ಅಂದರೆ ಒಂದು ಬದಿ ಹೊಳೆ, ಇನ್ನೊಂದು ಬದಿ ಕಡಲು, ನಡುವೆ ಹೊಯಿಗೆ. ಉಪ್ಪಿನಿಂದ ಕಫನಿನವರೆಗೆ ಎಲ್ಲಕ್ಕೂ ಹೊಳೆ ದಾಟಿ ಬಂದರಿಗೇ ಬರಬೇಕು. ಈಗಲೂ ದೋಣಿ ಉಂಟು, ರಸ್ತೆಯಲ್ಲಿ ಹೋದರೆ ಪಣಂಬೂರು ಸುತ್ತಿ ಬರಬೇಕಲ್ಲ.

ನಮ್ಮದು ನಗದು ವ್ಯಾಪಾರ ಅಲ್ಲ. ಜೂನಿನಿಂದ ಆಗಸ್ಟ್‌ವರೆಗೆ ಕಡಲಿಗೆ ಇಳಿಯುವ ಹಾಗಿಲ್ಲ, ಮನೆಯಲ್ಲಿ ದುಡ್ಡಿಲ್ಲ. ಅಕ್ಕಿ, ಮೆಣಸು, ತೆಂಗಿನೆಣ್ಣೆ, ಮಕ್ಕಳ ಶಾಲೆಯ ಬಟ್ಟೆ ಎಲ್ಲ ಉದ್ರಿ. ಅಂಗಡಿಯ ಕೊಂಕಣಿ ಮಾಮ್ ಉದ್ದ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು. ನನ್ನ ತಂದೆಗೆ ಓದು ಬರುತ್ತಿರಲಿಲ್ಲ. ಅವರು ಮನೆಗೆ ಬಂದು ಅಡುಗೆ ಕೋಣೆಯ ಗೋಡೆಯಲ್ಲಿ ಇದ್ದಿಲಿನಿಂದ ಗೆರೆ ಎಳೆಯುತ್ತಿದ್ದರು. ಅಕ್ಕಿಗೆ ನೆಟ್ಟ ಗೆರೆ, ಎಣ್ಣೆಗೆ ಅಡ್ಡ ಗೆರೆ, ಬಟ್ಟೆಗೆ ಒಂದು ಸೊನ್ನೆ. ಮೀನು ಬೀಳತೊಡಗಿದ ಮೇಲೆ ಲೆಕ್ಕ ತೀರಿಸಲು ಹೋಗುವಾಗ ಆ ಗೆರೆಗಳನ್ನೆಲ್ಲ ಬಾಯಿಪಾಠ ಮಾಡಿಕೊಂಡು ಹೋಗುವ ಕೆಲಸ ನನ್ನದು. ಮಾಮ್ ಪುಸ್ತಕ ಓದಿದ ಹಾಗೆ ನಾನು ಗೋಡೆ ಓದಬೇಕು. ಒಂದು ವರ್ಷ ಅವರ ಪುಸ್ತಕದಲ್ಲಿ ಎರಡು ಸೇರು ಎಣ್ಣೆ ಜಾಸ್ತಿ ಬಂತು. ಸ್ವಲ್ಪ ಹೊತ್ತು ನನ್ನನ್ನೇ ನೋಡಿದವರು, ‘ಗೋಡೆಗೆ ಮರೆವಿಲ್ಲ’ ಅಂತ ಹೇಳಿ ತಮ್ಮ ಪುಸ್ತಕದಲ್ಲಿ ಹೊಡೆದು ಹಾಕಿದರು. ಮಳೆಗಾಲ ಮುಗಿದು ಗೋಡೆಗೆ ಸುಣ್ಣ ಬಳಿದರೆ ಆ ವರ್ಷದ ಖಾತೆ ಬಂದ್.

ಇಂಥ ಉದ್ರಿ ಈಗ ಯಾವ ಸೂಪರ್ ಮಾರ್ಕೆಟಿನಲ್ಲಿ ಕೊಡುತ್ತಾರೆ ಮಾರ್ರೆ?

ಹೊಯಿಗೆಬಜಾರ್ ಟು ಭಾಂಡುಪ್

ಬೆಂಗರೆಯಣ್ಣ, ಗೋಡೆಯ ಸಂಗತಿ ಓದಿ ನಗುವೂ ಬಂತು, ಅಜ್ಜಿಯ ನೆನಪೂ ಬಂತು. ಅಜ್ಜಿ ಮೀನಿನ ಬುಟ್ಟಿ ಹೊರುತ್ತಿದ್ದವರು. ಬುಟ್ಟಿ ಖಾಲಿಯಾದ ಮೇಲೆ ಅದೇ ಬುಟ್ಟಿಯಲ್ಲಿ ಬಾಳೆ ಎಲೆ ಹಾಸಿ ಮನೆ ಸಾಮಾನು. ಹಾಗಾಗಿ ನಮ್ಮ ಮನೆಯ ಸಕ್ಕರೆಗೂ ಸ್ವಲ್ಪ ಬಂಗುಡೆಯ ವಾಸನೆ.

ನನಗೆ ಮುಖ್ಯ ಆಕರ್ಷಣೆ ಫಾರಿನ್ ಅಂಗಡಿಗಳು. ಎಂಬತ್ತರ ದಶಕ. ಒಂದು ಮಂಚದಷ್ಟು ಅಗಲದ ಅಂಗಡಿಯಲ್ಲಿ ಯಾರ್ಡ್ಲಿ ಪೌಡರ್, ಟೈಗರ್ ಬಾಮ್, ಕೊಡಲಿ ಮಾರ್ಕಿನ ಎಣ್ಣೆ, ನೀಡೋ ಹಾಲಿನ ಪುಡಿ, ಟ್ಯಾಂಗ್, ಟೇಪ್ ರೆಕಾರ್ಡರ್, ಮಿನುಗುವ ನೈಲೆಕ್ಸ್ ಸೀರೆ. ಸೆಂಟಿನ ಬಾಟಲಿಯ ಮುಚ್ಚಳ ತೆಗೆದು ನಮ್ಮ ಕೈ ಹಿಂಭಾಗಕ್ಕೆ ಒರಸಿ ಕೊಡುತ್ತಿದ್ದರು. ಕೊಳ್ಳುವುದಿಲ್ಲ ಅಂತ ಅವರಿಗೂ ಗೊತ್ತು. ಆ ಕೈ ತೊಳೆಯದೆ ಮರುದಿನ ಶಾಲೆಗೆ ಹೋಗುತ್ತಿದ್ದೆವು.

ಮದುವೆ ನಿಶ್ಚಯವಾದಾಗ ನನ್ನ ಪೆಟ್ಟಿಗೆಗೆ ಬೇಕಾದ ಅರ್ಧ ಸಾಮಾನು ಅಲ್ಲಿಂದಲೇ. ಪೆಟ್ಟಿಗೆ ಈಗಲೂ ಮುಂಬೈ ಭಾಂಡುಪ್ಪಿನ ಮನೆಯ ಅಟ್ಟದಲ್ಲಿ ಉಂಟು.

ಜುಬೈಲ್ ಬ್ಯಾರಿ

ಅಕ್ಕಾ, ನೀವು ಹೇಳಿದಂಥದ್ದೇ ಒಂದು ಅಂಗಡಿ ನಮ್ಮ ಮನೆಯವರದ್ದು. ಅಗಲ ಒಂದು ಮಂಚಕ್ಕಿಂತ ಸ್ವಲ್ಪ ಜಾಸ್ತಿ ಇತ್ತು, ಮರ್ಯಾದೆ ಪ್ರಶ್ನೆ!

ಕೊಲ್ಲಿಯಿಂದ ರಜೆಯಲ್ಲಿ ಬಂದವರು ಎರಡು ಪೆಟ್ಟಿಗೆ ಹೆಚ್ಚು ತರುತ್ತಿದ್ದರು. ಮನೆಗೆ ಹಂಚಿ ಉಳಿದದ್ದನ್ನು ತಂದೆಯ ಅಂಗಡಿಯಲ್ಲಿ ಇಡುತ್ತಿದ್ದರು, ಮಾರಿದರೆ ವಾಪಸು ಟಿಕೆಟಿನ ಖರ್ಚು. ಅದರಲ್ಲಿ ಎಷ್ಟು ಬ್ಯಾಗಿನಲ್ಲಿ ಬಂದದ್ದು, ಎಷ್ಟು ಕತ್ತಲೆಯಲ್ಲಿ ಬಂದದ್ದು ಅಂತ ಕೇಳಬೇಡಿ, ಆ ಕಾಲದ ಕರಾವಳಿಯಲ್ಲಿ ಯಾರೂ ಕೇಳುತ್ತಿರಲಿಲ್ಲ. ಪೆರ್ನಾಲ್ (ಈದ್) ಹತ್ತಿರ ಬಂದರೆ ರಾತ್ರಿ ಹನ್ನೊಂದಾದರೂ ಜನ. ಉಮ್ಮ ಮನೆಯಿಂದ ಸಮೋಸ ಕರಿದು ಕಳಿಸುತ್ತಿದ್ದರು, ಗಿರಾಕಿಗಳಿಗೂ ಸೇರಿಸಿ.

ಅಂಗಡಿ ಮುಚ್ಚಿದ್ದಕ್ಕೆ ಯಾರನ್ನೂ ದೂರುವ ಹಾಗಿಲ್ಲ. 1991ರ ನಂತರ ಆಮದು ಸಲೀಸಾಯಿತು. ಯಾವುದಕ್ಕೆ ಬಂದರಿಗೆ ಬರಬೇಕಿತ್ತೋ ಅದು ಉಜಿರೆಯಲ್ಲೂ ಸಿಗತೊಡಗಿತು. ಫಾರಿನ್ ಅನ್ನುವ ಬೆರಗೇ ಹೋದ ಮೇಲೆ ಅಂಗಡಿಯಲ್ಲಿ ಮಾರುವುದಾದರೂ ಎಂತ? ನಾವು ಮೂರು ಮಂದಿ ಗಂಡು ಮಕ್ಕಳು, ಮೂವರೂ ವಿಮಾನ ಹತ್ತಿದೆವು. ತಂದೆ ಸ್ವಲ್ಪ ವರ್ಷ ಕೊಡೆ, ಟಾರ್ಚು, ಬ್ಯಾಟರಿ ಇಟ್ಟು ನೋಡಿದರು. ಆಮೇಲೆ ಅಂಗಡಿ ಪಕ್ಕದ ಗೋಡೌನಿಗೆ ಸೇರಿಹೋಯಿತು. ಈಗ ಅಲ್ಲಿ ಖರ್ಜೂರದ ಪೆಟ್ಟಿಗೆ.

ರಥಬೀದಿ ಮಾಮ್

ನಾನು ಬ್ಯಾಂಕಿನಿಂದ ನಿವೃತ್ತ. ಹುಟ್ಟಿ ಬೆಳೆದದ್ದು ವೆಂಕಟರಮಣ ದೇವಸ್ಥಾನದ ಆಸುಪಾಸು. ಹುಡುಗರು ಬರೆದದ್ದಕ್ಕೆ ಸ್ವಲ್ಪ ಹಿನ್ನೆಲೆ ಸೇರಿಸುತ್ತೇನೆ.

ಹಳೆ ಬಂದರಿಗೆ ದೊಡ್ಡ ಹಡಗು ಎಂದೂ ಒಳಗೆ ಬಂದದ್ದಿಲ್ಲ. ನೇತ್ರಾವತಿ ಮತ್ತು ಗುರುಪುರ ಹೊಳೆ ಸೇರಿ ಕಡಲಿಗೆ ಬೀಳುವ ಅಳಿವೆ ಬಾಗಿಲಲ್ಲಿ ಮರಳ ದಿಬ್ಬ. ಸ್ಟೀಮರು ಹೊರಗೆ ಲಂಗರು ಹಾಕಬೇಕು, ಸರಕು ದೋಣಿಗಳಲ್ಲಿ ಹೋಗಿ ಬರಬೇಕು. ಒಳಗೆ ಬರುತ್ತಿದ್ದದ್ದು ಮಂಜಿ ಮತ್ತು ಪತ್ತೆಮಾರಿ ಎಂಬ ಮರದ ಹಡಗುಗಳು. ಕಚ್ಛದ ಕಡೆಯ ಮರದ ಹಡಗುಗಳು ಮಂಗಳೂರು ಹಂಚು ತುಂಬಿಕೊಂಡು ಹೋಗುತ್ತಿದ್ದವು. ಬಾಸೆಲ್ ಮಿಷನಿನವರು ಜೆಪ್ಪುವಿನಲ್ಲಿ ಮೊದಲ ಹಂಚಿನ ಕಾರ್ಖಾನೆ ಹಾಕಿದ್ದು 1865ರಲ್ಲಿ. ಹೊಳೆ ದಂಡೆಯಲ್ಲೇ ಕಾರ್ಖಾನೆಗಳು ಎದ್ದದ್ದಕ್ಕೂ ಕಾರಣ ಇಷ್ಟೇ: ಆವೆ ಮಣ್ಣು ದೋಣಿಯಲ್ಲಿ ಬರುತ್ತದೆ, ಹಂಚು ದೋಣಿಯಲ್ಲಿ ಹೋಗುತ್ತದೆ. 1907ರಲ್ಲಿ ಮದ್ರಾಸಿನ ಕಡೆಯ ರೈಲು ಮಂಗಳೂರು ಮುಟ್ಟಿತು. ಗೂಡ್ಸ್‌ಶೆಡ್ ರಸ್ತೆಗೆ ಆ ಹೆಸರು ಸುಮ್ಮನೆ ಬಂದದ್ದಲ್ಲ.

1974ರ ಮೇ ತಿಂಗಳಲ್ಲಿ ಪಣಂಬೂರಿನ ಹೊಸ ಬಂದರು ದೇಶದ ಒಂಬತ್ತನೆಯ ಪ್ರಮುಖ ಬಂದರು ಎಂದು ಘೋಷಣೆಯಾಯಿತು. 1975ರ ಜನವರಿ 11ರಂದು ಇಂದಿರಾ ಗಾಂಧಿಯವರು ಬಂದು ಉದ್ಘಾಟಿಸಿದರು. ನನ್ನ ಅಭಿಪ್ರಾಯದಲ್ಲಿ ಬಂದರು ಪೇಟೆಯ ಮರಣ ಪತ್ರಕ್ಕೆ ಸಹಿ ಬಿದ್ದದ್ದು ಅಂದೇ. ಉಳಿದದ್ದೆಲ್ಲ ಉತ್ತರಕ್ರಿಯೆ.

ದಕ್ಕೆ ಲೆಕ್ಕದವ

ನಮಸ್ಕಾರ ಮಾಮ್. ಮರಣ, ಉತ್ತರಕ್ರಿಯೆ ಎಲ್ಲ ದೊಡ್ಡ ಮಾತಾಯಿತು. ನಾನು ಈಗಲೂ ಬಂದರಿನ ಒಂದು ಬಂಡಸಾಲೆಯಲ್ಲಿ ಲೆಕ್ಕ ಬರೆಯುವವ. ಬೆಳಿಗ್ಗೆ ಹತ್ತು ಗಂಟೆಗೆ ಇಲ್ಲಿ ಸ್ಕೂಟರ್ ನಿಲ್ಲಿಸಲು ಜಾಗ ಹುಡುಕಿ ನೋಡಿ, ಪೇಟೆ ಸತ್ತಿದೆಯಾ ಬದುಕಿದೆಯಾ ಅಂತ ಗೊತ್ತಾಗುತ್ತದೆ. ಅಕ್ಕಿ, ಬೇಳೆ, ಸಕ್ಕರೆ, ಮೆಣಸು, ಗೋಡಂಬಿ, ಹಿಂಡಿ, ಕೊಪ್ಪರ, ಎಲ್ಲ ಇಲ್ಲಿಂದಲೇ ಜಿಲ್ಲೆಗೆ ಹೋಗುವುದು. ಹಮಾಲಿಗಳು ಬೆನ್ನಿಗೆ ಗೋಣಿ ಹಾಕಿ ಹಲಗೆ ಹತ್ತುವುದು ಇವತ್ತೂ ಉಂಟು. ಮಳೆಗಾಲ ಬಿಟ್ಟು ಬಾಕಿ ದಿನ ಲಕ್ಷದ್ವೀಪಕ್ಕೆ ಮಂಜಿಗಳು ಹೋಗುತ್ತವೆ: ತರಕಾರಿ, ಸಿಮೆಂಟು, ಜಲ್ಲಿ, ಕಬ್ಬಿಣ, ಕೆಲವು ಸಲ ದನ ಆಡು ಕೂಡ. ನೀವು ಬಸ್ಸಿನಿಂದ ಇಳಿಯುವುದನ್ನು ನಿಲ್ಲಿಸಿದ್ದೀರಿ, ಅಷ್ಟೆ.

ತೋಟದಮನೆ (ಪುತ್ತೂರು)

ಲೆಕ್ಕದವರೇ, ಒಪ್ಪಿದೆ. ಹಾಗಾದರೆ ನನ್ನ ಪ್ರಶ್ನೆ ಸರಿ ಮಾಡುತ್ತೇನೆ. ಸಗಟು ಹೋಗಿಲ್ಲ. ಚಿಲ್ಲರೆ ಹೋಗಿದೆ. ನಾನು ಹುಡುಕಿಕೊಂಡು ಹೋದದ್ದು ಚಿಲ್ಲರೆಯನ್ನು.

ನಮ್ಮ ಮನೆ ಮಟ್ಟಿಗೆ ಅದು ನಿಂತ ಕಾಲವೂ ನನಗೆ ಗೊತ್ತು, ಪಣಂಬೂರಿಗೆ ಅದರಲ್ಲಿ ಪಾಲಿಲ್ಲ. 1973ರಲ್ಲಿ ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೋ ಸುರುವಾಯಿತು, ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳುತನದಲ್ಲಿ. ಕ್ರಮೇಣ ನಮ್ಮ ಊರಿಗೇ ಬಂದು ಅಡಿಕೆ ಕೊಳ್ಳತೊಡಗಿದರು. ದರ ಬೋರ್ಡಿನಲ್ಲಿ ಬರೆದಿರುತ್ತಿತ್ತು, ಹಣ ಬ್ಯಾಂಕಿಗೆ. ಅಪ್ಪನಿಗೆ ದೊಡ್ಡ ಉಪಕಾರ, ಅಡಕತ್ತರಿ ನೋಡಿ ಬೆವರುವ ಕಷ್ಟ ತಪ್ಪಿತು. ಆದರೆ ಅಡಿಕೆ ಬಂದರಿಗೆ ಹೋಗುವುದು ನಿಂತ ಮೇಲೆ ಅಪ್ಪ ಬಂದರಿಗೆ ಹೋಗುವುದೂ ನಿಂತಿತು. ಒಂದು ಕೊಡೆಗಾಗಿ ಯಾರಾದರೂ ಮಂಗಳೂರಿಗೆ ಹೋಗುತ್ತಾರೆಯೇ? ಕೊಡೆ ಪುತ್ತೂರಿನಲ್ಲಿ, ಮೈಲುತುತ್ತು ಸೊಸೈಟಿಯಲ್ಲಿ.

ಹೊಯಿಗೆಬಜಾರ್ ಟು ಭಾಂಡುಪ್

ಇದು ಸರಿ ಅನ್ನಿಸುತ್ತದೆ. ಯೋಚನೆ ಮಾಡಿ, ಆ ಪೇಟೆಗೆ ಅಂಗಡಿ ನೋಡಲಿಕ್ಕೇ ಅಂತ ಬಂದವರು ಯಾರಿದ್ದರು? ಅಡಿಕೆಯವರು ಅಡಿಕೆ ಮಾರಲು ಬಂದರು, ಅಜ್ಜಿ ಮೀನು ಮಾರಲು ಬಂದರು, ಬೆಂಗರೆಯವರು ದೋಣಿ ಇಳಿಯುವ ಜಾಗ ಅದೇ ಅಂತ ಬಂದರು, ಮಂಜಿಯ ಖಲಾಸಿಗಳು ಸರಕು ಇಳಿಯುವವರೆಗೆ ಹೊತ್ತು ಕಳೆಯಲು ಬಂದರು. ಎಲ್ಲರೂ ಬೇರೆ ಕೆಲಸಕ್ಕೆ ಬಂದವರೇ. ಕೈಯಲ್ಲಿ ಆಗಷ್ಟೇ ಬಂದ ದುಡ್ಡು, ಬಸ್ಸಿಗೋ ದೋಣಿಗೋ ಇನ್ನೂ ಹೊತ್ತುಂಟು. ಆ ನಡುವಿನ ಎರಡು ಗಂಟೆಯಲ್ಲಿ ನಡೆದದ್ದೇ ಇಡೀ ಚಿಲ್ಲರೆ ವ್ಯಾಪಾರ. ಒಬ್ಬೊಬ್ಬರ ಕೆಲಸ ಬೇರೆ ಕಡೆಗೆ ಹೋದ ಹಾಗೆ ಒಂದೊಂದು ಅಂಗಡಿ ಬಾಗಿಲು ಹಾಕಿತು. ಪಣಂಬೂರು, ಕ್ಯಾಂಪ್ಕೋ, ಗಲ್ಫು, ಎಲ್ಲವೂ ಕಾರಣ, ಆದರೆ ಒಂದೇ ದಿನ ಒಂದೇ ಪೆಟ್ಟಿಗೆ ಆದದ್ದಲ್ಲ.

ರಥಬೀದಿ ಮಾಮ್

ಅಮ್ಮಾ, ನಿಮ್ಮ ವಾದ ಚೆನ್ನಾಗಿದೆ. ಆದರೆ ರಥಬೀದಿ ಯಾಕೆ ಉಳಿಯಿತು ಅನ್ನುವುದಕ್ಕೂ ಉತ್ತರ ಬೇಕಲ್ಲ? ಭವಂತಿ ಸ್ಟ್ರೀಟು, ರಥಬೀದಿ ಎಲ್ಲ ಬಂದರಿನಿಂದ ನಡೆದು ಹೋಗುವ ದೂರ. ಕೊಡಿಯಾಲ್ ತೇರಿಗೆ (ವೆಂಕಟರಮಣ ದೇವಸ್ಥಾನದ ರಥೋತ್ಸವಕ್ಕೆ) ಬಂದವರು, ದೇವಸ್ಥಾನಕ್ಕೆ ಬಂದವರು, ಇವರೂ ಬೇರೆ ಕೆಲಸಕ್ಕೆ ಬಂದವರೇ. ದೇವಸ್ಥಾನ ಪಣಂಬೂರಿಗೆ ಹೋಗಲಿಲ್ಲ, ಅದಕ್ಕೆ ಚಿನ್ನದ ಅಂಗಡಿ ಉಳಿಯಿತು! ಹೀಗೆ ನೋಡಿದರೆ ನೀವು ಹೇಳಿದ್ದೇ ಸರಿಯಾಗುತ್ತದೆ, ನನ್ನದೇ ತಪ್ಪು ಅಂತ ಒಪ್ಪುವುದಿಲ್ಲ, ಅರ್ಧ ಒಪ್ಪುತ್ತೇನೆ.

ಇನ್ನೊಂದು. ಮಂಜಿಯವರ ವಿಷಯ ಬಂತಲ್ಲ, ಲಕ್ಷದ್ವೀಪದ ಅಮಿನಿದಿವಿ ದ್ವೀಪಗಳ ಸಂಬಂಧ ಈಗ ಯಾರಿಗೂ ನೆನಪಿಲ್ಲ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರಾ, ಈ ಐದು ದ್ವೀಪಗಳು 1956ರ ನವೆಂಬರ್ 1ರವರೆಗೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಅದಕ್ಕೂ ಹಿಂದೆ ಟಿಪ್ಪುವಿನ ಕೈಯಲ್ಲಿ, 1799ರ ನಂತರ ಕಂಪೆನಿಯ ಕೈಯಲ್ಲಿ. ದ್ವೀಪದವರು ತೆಂಗಿನ ನಾರಿನ ಹುರಿಯನ್ನು ಸರಕಾರಕ್ಕೇ ಕೊಡಬೇಕು, ಬೇರೆಯವರಿಗೆ ಮಾರುವ ಹಾಗಿಲ್ಲ. ಬದಲಿಗೆ ನಿಗದಿ ದರದಲ್ಲಿ ಅಕ್ಕಿ. ಅವರ ದೋಣಿಗಳು ಹುರಿ ಹೇರಿಕೊಂಡು ಮಂಗಳೂರಿಗೆ ಬಂದು ಅಕ್ಕಿ ಹೇರಿಕೊಂಡು ವಾಪಸು ಹೋಗುತ್ತಿದ್ದವು. ಜಿಲ್ಲೆಯ ಕಲೆಕ್ಟರೇ ಇಲ್ಲಿ ಹುರಿಯ ವ್ಯಾಪಾರಿ ಅನ್ನಿ.

ಜುಬೈಲ್ ಬ್ಯಾರಿ

ಹಾಂ, ದ್ವೀಪದವರು! ನನ್ನ ಕಾಲದಲ್ಲೂ ಬರುತ್ತಿದ್ದರು. ಅಕ್ಕಿಗಾಗಿ ಅಲ್ಲ, ಆಸ್ಪತ್ರೆಗೆ, ಮಕ್ಕಳ ಕಾಲೇಜಿಗೆ, ಮದುವೆ ಜವಳಿಗೆ. ಒಂದು ಕಾಲಕ್ಕೆ ಪ್ರಯಾಣಿಕರ ಹಡಗೂ ಬಂದುಹೋಗುತ್ತಿತ್ತು. ಅವರು ಬರುವಾಗ ಕೈಯಲ್ಲಿ ಮಾಸ್ ತರುತ್ತಿದ್ದರು, ಸೂರೆ ಮೀನನ್ನು ಬೇಯಿಸಿ ಹೊಗೆ ಹಾಕಿ ಒಣಗಿಸಿ ಮರದ ತುಂಡಿನ ಹಾಗೆ ಮಾಡಿದ್ದು. ಅದನ್ನು ಚೂರಿಯಲ್ಲಿ ಕೆತ್ತಿ, ತೆಂಗಿನಕಾಯಿ ಮತ್ತು ಸಣ್ಣ ಈರುಳ್ಳಿ ಸೇರಿಸಿ ಉಮ್ಮ ಮಾಡುತ್ತಿದ್ದದ್ದಕ್ಕೆ ಸಮ ಯಾವುದಿಲ್ಲ. ತಂದೆ ಅವರಿಗೆ ಟಾರ್ಚು ಕೊಟ್ಟು ಮಾಸ್ ತೆಗೆದುಕೊಂಡದ್ದೂ ಉಂಟು. ಮಾಮ್, ನಿಮ್ಮ ಕಲೆಕ್ಟರ್ ಮಾಡಿದ ವ್ಯಾಪಾರವನ್ನೇ ನಾವು ಚಿಲ್ಲರೆಯಲ್ಲಿ ಮಾಡಿದ್ದು.

ಒಂದು ಸಂಗತಿ ಹೇಳಲೇಬೇಕು. ಅವರು ಕೊಳ್ಳುವಾಗ ಒಂದು ವಸ್ತುವನ್ನು ಇಪ್ಪತ್ತು ಸಲ ತಿರುಗಿಸಿ ನೋಡುತ್ತಿದ್ದರು. ಅಂಗಡಿಯ ಹುಡುಗರಿಗೆ ಬೇಜಾರು. ತಂದೆ ಬೈಯುತ್ತಿದ್ದರು: ನಿನಗೆ ಹಾಳಾದರೆ ನಾಳೆ ಬಂದು ಬದಲಿಸಬಹುದು, ಅವರು ಬದಲಿಸಬೇಕಾದರೆ ಮುಂದಿನ ಮಂಜಿ.

ಬೆಂಗರೆ ಕಡವು

ಮುಡಿಯ ಅಕ್ಕಿ ಯಾರಿಗೆ ನೆನಪುಂಟು? ಬೈಹುಲ್ಲು ಸುತ್ತಿ, ಹುಲ್ಲಿನದ್ದೇ ಹಗ್ಗ ಬಿಗಿದು, ಕುಂಬಳಕಾಯಿಯ ಹಾಗೆ ಗುಂಡಗೆ. ಒಂದು ಮುಡಿಗೆ ಮೂರು ಕಳಸೆ, ಒಂದು ಕಳಸೆಗೆ ಹದಿನಾಲ್ಕು ಸೇರು. ಮೇಲಿನಿಂದ ಬಡಿದು ನೋಡಿಯೇ ಅಕ್ಕಿ ಹಳೆಯದೋ ಹೊಸದೋ ಅಂತ ಹೇಳುವ ಹಮಾಲಿಗಳಿದ್ದರು. ದೋಣಿಯಲ್ಲಿ ಮುಡಿ ಇಟ್ಟರೆ ಒಂದು ಅನುಕೂಲ, ಅಡಿಯಲ್ಲಿ ಸ್ವಲ್ಪ ನೀರಿದ್ದರೂ ಹುಲ್ಲು ಒದ್ದೆಯಾಗುತ್ತದೆ, ಅಕ್ಕಿ ಆಗುವುದಿಲ್ಲ. ಪ್ಲಾಸ್ಟಿಕ್ ಚೀಲ ಬಂದ ಮೇಲೆ ದೋಣಿಯಲ್ಲಿ ಚೀಲ ಹರಿದು ಅರ್ಧ ಅಕ್ಕಿ ಹೊಳೆಗೆ ಹೋದದ್ದು ನಾನೇ ಕಂಡಿದ್ದೇನೆ.

ಸೆಂಟ್ರಲ್ ಮಾರ್ಕೆಟ್ ಮಗ

ಬಂದರಿನ ಬಗ್ಗೆ ಇಷ್ಟು ಬರೆಯುತ್ತೀರಿ, ಸೆಂಟ್ರಲ್ ಮಾರ್ಕೆಟಿನ ಹೆಸರು ಒಬ್ಬರೂ ಎತ್ತಲಿಲ್ಲ. ನಮ್ಮದು ಅಲ್ಲಿ ತರಕಾರಿ ಅಂಗಡಿ. 2020ರಲ್ಲಿ ಲಾಕ್‌ಡೌನ್ ಹೊತ್ತಿಗೆ ಮಾರ್ಕೆಟ್ ಮುಚ್ಚಿತು, ಸಗಟು ತರಕಾರಿ ಹಣ್ಣು ಬೈಕಂಪಾಡಿಯ ಎಪಿಎಂಸಿ ಯಾರ್ಡಿಗೆ ಹೋಯಿತು. ಆಮೇಲೆ ಕಟ್ಟಡವೇ ಹೋಯಿತು. ನಿಮ್ಮದು ಐವತ್ತು ವರ್ಷದಲ್ಲಿ ನಿಧಾನಕ್ಕೆ ಹೋದ ಪೇಟೆ, ನಮ್ಮದು ಕೆಲವೇ ದಿನಗಳಲ್ಲಿ. ಹಾಗೆ ಹೋದದ್ದಕ್ಕೆ ನೆನಪು ಬರೆಯುವಷ್ಟು ಸಮಾಧಾನ ಇನ್ನೂ ನಮಗೆ ಬಂದಿಲ್ಲ. ಬದನೆಕಾಯಿ ಬಿಡಿಸಿ ಜೋಡಿಸಿಟ್ಟ ಕಲ್ಲಿನ ಕಟ್ಟೆಯ ಮೇಲೆ ನನ್ನ ಅಜ್ಜನ ಕಾಲದಿಂದ ಸವೆದ ಗುಳಿ ಇತ್ತು, ತಕ್ಕಡಿ ಇಡುವ ಜಾಗ. ಅದರ ಫೋಟೋ ಕೂಡ ಇಲ್ಲ.

ದಕ್ಕೆ ಲೆಕ್ಕದವ

ತಮ್ಮಾ, ಅದು ನಿಜ. ನಮ್ಮ ಬಂಡಸಾಲೆಗೂ ಪೆಟ್ಟು ಬಿತ್ತು. ಮಾರ್ಕೆಟಿಗೆ ತರಕಾರಿಗೆ ಬಂದ ಸಣ್ಣ ಅಂಗಡಿಯವರು ಹಾಗೆಯೇ ಕೆಳಗಿಳಿದು ನಮ್ಮಲ್ಲಿ ಬೇಳೆ ಸಕ್ಕರೆ ಕೊಳ್ಳುತ್ತಿದ್ದರು. ಅದರಲ್ಲಿ ಹಲವರು ಈಗ ಬೈಕಂಪಾಡಿಯಿಂದ ನೇರ ಮನೆಗೆ. ಭಾಂಡುಪ್ಪಿನ ಅಕ್ಕ ಹೇಳಿದ ಮಾತು ಸಗಟಿಗೂ ಹತ್ತುತ್ತಾ ಉಂಟು ಅಂತ ಇವತ್ತು ಲೆಕ್ಕ ಬರೆಯುವಾಗ ಅನ್ನಿಸಿತು. ಮೇಲೆ ಜೋರು ಮಾಡಿದ್ದಕ್ಕೆ ಯಾರೂ ಬೇಸರಿಸಬೇಡಿ.

ನಿಮ್ಮ ಗುಳಿಯ ಮಾತಿಗೆ ಇನ್ನೊಂದು ಸೇರಿಸುತ್ತೇನೆ. ನಮ್ಮ ಜಗಲಿಯ ಕಂಬದಲ್ಲಿ ಒಂದಾಳೆತ್ತರಕ್ಕೆ ಮರ ಸವೆದಿದೆ. ಗೋಣಿ ಹೊತ್ತವರು ಒಳಗೆ ತಿರುಗುವಾಗ ಗೋಣಿಯ ಮೂಲೆ ತಾಗಿ ತಾಗಿ ಆದದ್ದು. ಕಟ್ಟಡ ರಿಪೇರಿಗೆ ಬಂದ ಇಂಜಿನಿಯರ್ ಹುಡುಗ ಗೆದ್ದಲು ಅಂದ!

ರಥಬೀದಿ ಮಾಮ್

ಗೆದ್ದಲು! ಚೇಂಬರ್ ರಸ್ತೆಯಲ್ಲಿ 1940ರಲ್ಲಿ ಹುಟ್ಟಿದ ಕೆನರಾ ಚೇಂಬರ್ ಆಫ್ ಕಾಮರ್ಸ್ ಇನ್ನೂ ಅಲ್ಲಿಯೇ ಇದೆ. ಅವರಾದರೂ ಇಂಥ ನಾಲ್ಕು ಕಂಬ, ತೂಕದ ಕಲ್ಲು, ಅಳತೆ ಪಾತ್ರೆ, ಲೆಕ್ಕದ ಪುಸ್ತಕ ಒಂದು ಕೋಣೆಯಲ್ಲಿ ಇಟ್ಟರೆ ಚೆನ್ನ. ಹನ್ನೆರಡನೆಯ ಶತಮಾನದಲ್ಲಿ ಇಲ್ಲಿ ಸಂಸಾರ ಮಾಡಿಕೊಂಡಿದ್ದ ಅಬ್ರಹಾಂ ಬೆನ್ ಯಿಜು ಎಂಬ ಯೆಹೂದಿ ವ್ಯಾಪಾರಿಯ ಪತ್ರಗಳು ಕೈರೋದ ಹಳೆ ಸಿನಗಾಗ್ ಒಂದರಲ್ಲಿ ಉಳಿದುಕೊಂಡವು. ಮಂಗಳೂರಿನಿಂದ ಏಡನ್ನಿಗೆ ಅಡಿಕೆ, ಮೆಣಸು, ಏಲಕ್ಕಿ, ಕಬ್ಬಿಣ. ಅಲ್ಲಿಂದ ಇಲ್ಲಿಗೆ ಕಾಗದ, ಸಕ್ಕರೆ, ಒಣದ್ರಾಕ್ಷಿ. ಒಂಬೈನೂರು ವರ್ಷದ ಹಿಂದಿನ ಅವನ ಒಣದ್ರಾಕ್ಷಿಯ ಲೆಕ್ಕ ಸಿಗುತ್ತದೆ, ಬೆಂಗರೆಯವರ ಮಾಮ್ ಬರೆದ 1970ರ ಉದ್ರಿ ಪುಸ್ತಕ ಸಿಗುವುದಿಲ್ಲ.

ಹುಬ್ಬಳ್ಳಿ ಹತ್ತಿ

ಎಲ್ಲಾರಿಗೂ ನಮಸ್ಕಾರ್ರೀ. ನಾ ಹುಬ್ಬಳ್ಳಿಯಾಂವ, ನಡುವ ಬಾಯಿ ಹಾಕಾಕತ್ತೀನಿ. ನಮ್ಮ ಕಡೆ ಹತ್ತಿ ಘಟ್ಟ ಇಳದು ಕುಮಟಾ ಬಂದರಕ್ಕ ಹೋಗತಿತ್ತು. ಅಮೆರಿಕಾದಾಗ 1861ರಿಂದ 65ರ ತನಕ ಅಂತರ್ಯುದ್ಧ ನಡದಾಗ ಇಂಗ್ಲೆಂಡಿನ ಗಿರಣಿಗೆ ಅಲ್ಲಿ ಹತ್ತಿ ಬರೋದು ನಿಂತು, ಧಾರವಾಡ ಸೀಮಿ ಹತ್ತಿಗೆ ಭಾರಿ ಬೇಡಿಕಿ ಬಂತು. ನಮ್ಮ ದೇಸಿ ಹತ್ತಿಗೆ ಪೇಟ್ಯಾಗ ಕುಮಟಾ ಹತ್ತಿ ಅಂತನ ಹೆಸರು. ಮುಂದ 1880ರ ದಶಕದ ಕೊನಿಗೆ ರೈಲು ಗೋವಾದ ಮುರಗಾಂವ ಬಂದರ ಮುಟ್ಟಿತು, ಹತ್ತಿ ರೈಲು ಹತ್ತಿತು, ಕುಮಟಾ ಪೇಟಿ ತಣ್ಣಗಾತು. ನಿಮ್ಮ ಭಾಂಡುಪ್ ಅಕ್ಕಾರು ಹೇಳಿದ್ದು ಅಲ್ಲೂ ಖರೇನ.

ಈಗ ನನ್ನ ಕೆಲಸದ ಮಾತು. ಮನ್ಯಾಗ ಹಳೇ ತೂಗುಮಣಿ (ಜೋಕಾಲಿ) ಐತಿ, ಅದಕ್ಕ ಗಟ್ಟಿ ಕತ್ತದ ಹಗ್ಗ ಬೇಕು. ಇಲ್ಲೆ ಎಲ್ಲಾ ಕಡೆ ನೈಲಾನ್. ಬಂದರದಾಗ ಇನ್ನೂ ಸಿಗತೈತೇನ್ರೀ?

ದಕ್ಕೆ ಲೆಕ್ಕದವ

ಸಿಗುತ್ತದೆ ಸರ್. ಹಗ್ಗದಂಗಡಿ ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ. ಮಂಜಿಯವರಿಗೂ ಮೀನಿನವರಿಗೂ ಬೇಕಲ್ಲ. ಭಾನುವಾರ ಬರಬೇಡಿ. ಶುಕ್ರವಾರವಾದರೆ ಮಧ್ಯಾಹ್ನ ಜುಮಾ ಹೊತ್ತಿಗೆ ಹಲವು ಅಂಗಡಿ ಬಾಗಿಲು ಹಾಕಿರುತ್ತದೆ, ಬೆಳಿಗ್ಗೆಯೇ ಬನ್ನಿ. ಕಾರು ಒಳಗೆ ತರಬೇಡಿ, ನೆಹರೂ ಮೈದಾನದ ಹತ್ತಿರ ಎಲ್ಲಾದರೂ ಬಿಟ್ಟು ನಡೆದುಕೊಂಡು ಬನ್ನಿ. ಅಂಗಡಿಯಲ್ಲಿ ಮೀಟರ್ ಲೆಕ್ಕ ಹೇಳಿದರೆ ಹೊಸಬರು ಅಂತ ಗೊತ್ತಾಗುತ್ತದೆ. ಹೆಬ್ಬೆರಳಿನಷ್ಟು ದಪ್ಪ, ಇಷ್ಟು ಮಾರು ಅಂತ ಹೇಳಿ. ಅಳೆದು ಕತ್ತರಿಸಿ, ತೂಗಿ ರೇಟು ಹಾಕುತ್ತಾರೆ.

ಹುಬ್ಬಳ್ಳಿ ಹತ್ತಿ

ಮಾರು ಅಳಿಯೋದು ಯಾರ ಕೈಲೆ? ನಂದು ಆರಡಿ ಆಳು.

ಜುಬೈಲ್ ಬ್ಯಾರಿ

ಅವರದ್ದೇ ಕೈ ಸರ್. ಆದರೆ ತೂಕಕ್ಕೆ ದುಡ್ಡಲ್ಲವಾ, ನಿಮ್ಮ ಕೈ ಉದ್ದವಾದರೂ ನಷ್ಟ ನಿಮಗೇ. ಒಂದು ಮಾರು ಹೆಚ್ಚೇ ತೆಗೆದುಕೊಳ್ಳಿ, ಗಂಟಿಗೆ ಬೇಕಾಗುತ್ತದೆ.

ತೋಟದಮನೆ (ಪುತ್ತೂರು)

ಹುಬ್ಬಳ್ಳಿಯವರು ಬರುವ ದಿನ ಇಲ್ಲಿ ಹೇಳಿ, ನಾನೂ ಬರುತ್ತೇನೆ. ನಮ್ಮ ಬಾವಿಗೂ ಹಗ್ಗ ಬೇಕು. ಒಣಮೀನು ತೆಗೆದುಕೊಳ್ಳುವವರಿದ್ದರೆ ದಯವಿಟ್ಟು ಬೇರೆ ಬಸ್ಸಿನಲ್ಲಿ.